ನಾಯಿಗಳ ತುರಿಹುಣ್ಣು ಮತ್ತು ಚಿಗಟಗಳ ಉಪದ್ರವ: ಅವುಗಳ ನಿವಾರಣೋಪಾಯಗಳು

ಗ್ರಾಮಗಳಲ್ಲಿ ವಾಸಿಸುವ ಹಿಡುವಳಿದಾರರಿಗೆ ನಾಯಿಯಿಂದ ಆಗುವ ಉಪಕಾರವು ಅಲ್ಪವಾದುದಲ್ಲ. ಕಣದಲ್ಲಿ ರಾಶಿಯಿರುವ ಕಾಲದಲ್ಲಿ ಅದು ರಾತ್ರಿಯೆಲ್ಲಾ ಎಚ್ಚರವಾಗಿರುವುದು. ಕಡಲೆಕಾಯಿ, ಜೋಳ, ಕಬ್ಬುಗಳ ಹೊಲಕ್ಕೆ ನುಗ್ಗುವ ಕಾಡುಹಂದಿಗಳ ಸುಳಿವನ್ನು ಮೊದಲು ಕೊಡುವುದು. ಕುರಿಹಟ್ಟಿಯ ಸುತ್ತ ತೋಳವು ಸುಳಿದರೆ ಕಾವಲುಗಾರನಿಗಿಂತ ಮುಂಚಿತವಾಗಿ ತಿಳಿದು ಬೊಗಳುವುದು. ಇಷ್ಟು ಕೆಲಸ ಮಾಡತಕ್ಕ ಪ್ರಾಣಿಗೆ ಮೈತುರಿ ಹತ್ತಿದಾಗ ಮಾತ್ರ ಅದರ ಕಡೆಗೆ ಲಕ್ಷ್ಯ ಕೊಡುವವರು ವಿರಳ. ಹಗಲಿರುಳೂ ಕೆರೆದುಕೊಳ್ಳುವ ನಾಯಿಗೆ ನಿದ್ದೆಯಿಲ್ಲ, ಮೇವಿನ ಮೇಲೆ ಮನಸ್ಸಿಲ್ಲ. ಅದು ಬಡಕಲಾಗಿ, ಕಾವಲನ್ನು ಬಿಟ್ಟು, ಬೂದಿಗುಂಡಿಯಲ್ಲಿ ಬಿದ್ದಿರುವುದು. ಆಮೇಲೆ ಅದನ್ನು "ಕಜ್ಜಿನಾಯಿ" ಎಂದು ಕರೆದು ಮನೆಯಿಂದ ಹೊಡೆದಟ್ಟುವರು. ಹೀಗೆ ಅಟ್ಟಲ್ಪಟ್ಟ ನಾಯಿಯು ಊರಿನ ಇತರ ನಾಯಿಗಳಿಗೆ ತನ್ನ ರೋಗವನ್ನು ಹಂಚುತ್ತಾ ತಿರುಗುವುದರಿಂದ, ಒಬ್ಬನ ಅಲಕ್ಷ್ಯವು ಊರಿಗೆಲ್ಲಾ ಉಪದ್ರವಕರವಾಗುವುದು.

ವಾಸ್ತವವಾಗಿ ನಾಯಿಗಳ ತುರಿಹುಣ್ಣುಗಳಲ್ಲಿ ಬಹುಭಾಗವು ಗುಣವಾಗತಕ್ಕವು. ಆದರೆ ಅನೇಕರು ನಾಯಿಯ ಮೈಗೆ ಒಮ್ಮೆ ಏನನ್ನಾದರೂ ಸವರಿ, ಹದಿನೈದು ದಿವಸಗಳಲ್ಲಿ ತುರಿಯು ಮರುಕಳಿಸಿದ್ದನ್ನು ಕಂಡು, ಇದಕ್ಕೆ ಔಷಧವೇ ಇಲ್ಲವೆಂದು ಕೈಬಿಡುತ್ತಾರೆ. ತುರಿಯು ಮರುಕಳಿಸಲು ಮುಖ್ಯವಾದ ಕಾರಣವು ನಾಯಿಯ ಮೈಮೇಲಿಲ್ಲ. ಅದು ಮಲಗುವ ಸ್ಥಳದಲ್ಲಿದೆ. ನಾಯಿಗೂ, ಅದು ಮಲಗುವ ಸ್ಥಳಕ್ಕೂ, ಅದರೊಡನೆ ಇರುವ ಇತರ ಪ್ರಾಣಿಗಳಿಗೂ ಒಂದೇ ದಿನ ಚಿಕಿತ್ಸೆ ನಡೆಸಿದರೆ ಮಾತ್ರ ಈ ಉಪದ್ರವವು ನಿಲ್ಲುವುದು. ಇದು ಹೇಗೆಂಬುದನ್ನು ಮುಂದೆ ವಿವರಿಸಲಾಗಿದೆ.

ತುರಿಗೆ ಕಾರಣವೇನು?

ನಾಯಿಗೆ ಉಷ್ಣವಾಗಿದೆ, ರಕ್ತ ಕೆಟ್ಟಿದೆ, ಮಾಂಸ ತಿಂದು ಮೈ ಕೆಟ್ಟಿದೆ ಎಂದು ಹೇಳುವುದು ವಾಡಿಕೆಯಾಗಿದೆ. ಕೆಲವು ನಾಯಿಗಳಿಗೆ ಆಹಾರವು ಒಗ್ಗದೆ ತುರಿಯುಂಟಾಗುವುದು ನಿಜವಾದರೂ, ಹಳ್ಳಿಯ ನಾಯಿಗಳ ತುರಿಗೆ ಹೆಚ್ಚಾಗಿ ಕಾರಣವಾದವು ಮೈಮೇಲೆ ಜೀವಿಸುವ ಸಣ್ಣ ಜಂತುಗಳು. ಮನುಷ್ಯರ ಕಜ್ಜಿಯ ವಿಷಯದಲ್ಲಿಯೂ ಹಿಂದೆ ಇಂತಹ ಭ್ರಾಂತಿಯೇ ಇದ್ದಿತು. ಕಜ್ಜಿಯು ಕೆಟ್ಟ ರಕ್ತದಿಂದಲ್ಲ, ಚರ್ಮದೊಳಗೆ ಕೊರೆದು ವಾಸಿಸುವ ನುಸಿಯಿಂದ ಉಂಟಾಗುತ್ತದೆಂದು ಇಟಲಿ ದೇಶದ ಬೊನೋಮೊ ಎಂಬ ವೈದ್ಯರು ೧೬೮೭ರಲ್ಲಿಯೇ ಪ್ರಕಟಿಸಿದರು. ಕಾರಣವು ಜಂತುವೆಂದು ತಿಳಿದ ಮೇಲೆ ಮಾಡಬೇಕಾದ ಕೆಲಸವೂ ಸ್ಪಷ್ಟವಾಗುತ್ತದೆ: ಜಂತುವು ಯಾವುದೆಂದು ಗುರುತಿಸಿ, ಅದು ಎಲ್ಲೆಲ್ಲಿ ಅಡಗಿದೆಯೋ ಅಲ್ಲೆಲ್ಲಾ ಅದನ್ನು ನಾಶಮಾಡತಕ್ಕದ್ದು.

ತುರಿಯ ಸ್ಥಳದಿಂದ ರೋಗವನ್ನು ಗುರುತಿಸುವುದು

ನಾಯಿಯು ಮೈಯ ಯಾವ ಭಾಗವನ್ನು ಕೆರೆದುಕೊಳ್ಳುತ್ತದೆ ಅಥವಾ ಕಚ್ಚಿಕೊಳ್ಳುತ್ತದೆ ಎಂಬುದನ್ನು ಸ್ವಲ್ಪ ಹೊತ್ತು ನಿಂತು ನೋಡಿದರೆ ಕಾರಣವು ತಕ್ಕಮಟ್ಟಿಗೆ ಗೊತ್ತಾಗುವುದು.

೧. ಚಿಗಟ: ಬಾಲದ ಬುಡ, ಸೊಂಟದ ಮೇಲ್ಭಾಗ, ಹಿಂದೊಡೆಗಳು, ಹೊಟ್ಟೆಯ ಅಡಿ—ಈ ಭಾಗಗಳಲ್ಲಿ ತುರಿಯು ಹೆಚ್ಚು. ನಾಯಿಯು ತಟಕ್ಕನೆ ತಿರುಗಿ ಬಾಲದ ಬುಡವನ್ನು ಹಲ್ಲಿನಿಂದ ಕಚ್ಚಿಕೊಳ್ಳುವುದು. ಅಲ್ಲಿ ಕೂದಲು ಉದುರಿ, ಚರ್ಮವು ಕೆಂಪಾಗಿ, ಹಕ್ಕಳೆಗಟ್ಟುವುದು.

೨. ಕಜ್ಜಿಯ ನುಸಿ: ಕಿವಿಯ ಅಂಚು, ಮೊಣಕೈ, ಹಿಂಗಾಲಿನ ಗಂಟು, ಎದೆ ಮತ್ತು ಹೊಟ್ಟೆಯ ಅಡಿಭಾಗಗಳಲ್ಲಿ ಮೊದಲು ಕಾಣಿಸಿಕೊಳ್ಳುವುದು. ತುರಿಯು ಅತಿ ತೀವ್ರವಾಗಿರುವುದು. ಕಿವಿಯ ತುದಿಯನ್ನು ಮಡಿಸಿ ಎರಡು ಬೆರಳುಗಳ ನಡುವೆ ಉಜ್ಜಿದರೆ ನಾಯಿಯು ಅದೇ ಕಡೆಯ ಹಿಂಗಾಲಿನಿಂದ ಗಾಳಿಯಲ್ಲಿಯೇ ಕೆರೆಯಲು ತೊಡಗುವುದು. ಇದೊಂದೇ ಸಾಕ್ಷಿಯಲ್ಲವಾದರೂ ಸಂಶಯಕ್ಕೆ ಬಲವಾದ ಆಧಾರ.

೩. ಎಳೆಯ ನಾಯಿಗಳ ನುಸಿರೋಗ: ಇದು ಬೇರೊಂದು ಜಾತಿಯ ನುಸಿಯಿಂದ ಬರತಕ್ಕದ್ದು. ಕಣ್ಣಿನ ಸುತ್ತ, ಬಾಯಿಯ ಅಂಚು, ಮುಂಗಾಲುಗಳಲ್ಲಿ ಕೂದಲುದುರಿ ಬೋಳು ಮಚ್ಚೆಗಳಾಗುವುವು. ಮೊದಲಲ್ಲಿ ತುರಿಯು ಕಡಮೆ.

೪. ಹುಳುಕಡ್ಡಿ: ದುಂಡನೆಯ ಬೋಳು ಮಚ್ಚೆ, ಅಂಚಿನಲ್ಲಿ ಹೊಟ್ಟು. ಇದು ಜಂತುವಿನಿಂದಲ್ಲ, ಬೂಷ್ಟಿನ ಜಾತಿಯ ಸೂಕ್ಷ್ಮ ಶಿಲೀಂಧ್ರದಿಂದ ಉಂಟಾಗುವುದು, ಮಕ್ಕಳಿಗೂ ಅಂಟತಕ್ಕದ್ದು.

೫. ಉಣ್ಣೆ ಮತ್ತು ಹೇನು: ಇವು ಬರಿಗಣ್ಣಿಗೆ ಕಾಣುವುವು. ಉಣ್ಣೆಯು ಕಿವಿಯೊಳಗೆ ಮತ್ತು ಬೆರಳಿನ ಸಂದುಗಳಲ್ಲಿ ಕಚ್ಚಿಕೊಂಡಿರುವುದು. ಹೇನಿನ ಸೀರು ಕೂದಲಿಗೆ ಅಂಟಿಕೊಂಡು ಬಾಚಿದರೂ ಸುಲಭವಾಗಿ ಬಾರದು.

ಚಿಗಟಗಳು ಕೂದಲಿನ ನಡುವೆ ವೇಗವಾಗಿ ಓಡುವುದರಿಂದ ಅನೇಕ ವೇಳೆ ಕಣ್ಣಿಗೆ ಬೀಳುವುದಿಲ್ಲ. ಅವು ಇರುವುದನ್ನು ತಿಳಿಯಲು ಸುಲಭವಾದ ಪರೀಕ್ಷೆಯೊಂದುಂಟು. ಒದ್ದೆಮಾಡಿದ ಬಿಳಿಯ ಬಟ್ಟೆಯನ್ನು ನಾಯಿಯ ಕೆಳಗೆ ಹಾಸಿ, ಸೊಂಟದ ಕೂದಲನ್ನು ಸಣ್ಣ ಹಲ್ಲಿನ ಬಾಚಣಿಗೆಯಿಂದ ಬಾಚತಕ್ಕದ್ದು. ಮೆಣಸಿನ ಪುಡಿಯಂತಹ ಕಪ್ಪು ಕಣಗಳು ಬಟ್ಟೆಯ ಮೇಲೆ ಬಿದ್ದು, ಸ್ವಲ್ಪ ಹೊತ್ತಿನಲ್ಲಿ ಅವುಗಳ ಸುತ್ತ ಕೆಂಗಂದು ಬಣ್ಣವು ಹರಡಿದರೆ, ಅದು ಮಣ್ಣಲ್ಲ; ಚಿಗಟವು ಕುಡಿದು ವಿಸರ್ಜಿಸಿದ ರಕ್ತ. ಮಣ್ಣಾಗಿದ್ದರೆ ಕೆಂಪು ಬಿಡುವುದಿಲ್ಲ.

ಇಲ್ಲಿ ಇನ್ನೊಂದು ವಿಷಯವನ್ನು ಗಮನಿಸಬೇಕು. ಕೆಲವು ನಾಯಿಗಳ ಮೈಗೆ ಚಿಗಟದ ಜೊಲ್ಲು ಒಗ್ಗುವುದಿಲ್ಲ. ಅಂತಹ ನಾಯಿಗೆ ಎರಡು ಮೂರು ಚಿಗಟಗಳು ಕಚ್ಚಿದರೂ ಮೈಯೆಲ್ಲಾ ಉರಿತುರಿಯಾಗಿ ಹುಣ್ಣಾಗುವುದು. ಅದರ ಪಕ್ಕದಲ್ಲಿಯೇ ಮಲಗುವ ಇನ್ನೊಂದು ನಾಯಿಯು ನೂರು ಚಿಗಟಗಳನ್ನು ಹೊತ್ತಿದ್ದರೂ ಸುಮ್ಮನಿರಬಹುದು. ಆದಕಾರಣ ಹುಣ್ಣಾದ ನಾಯಿಯಲ್ಲಿ ಚಿಗಟ ಕಾಣಲಿಲ್ಲವೆಂಬ ಮಾತ್ರಕ್ಕೆ ಚಿಗಟವು ಕಾರಣವಲ್ಲವೆಂದು ನಿರ್ಧರಿಸಕೂಡದು.

ಚಿಗಟದ ಜೀವನಕ್ರಮ

ಶತ್ರುವಿನ ನೆಲೆ ತಿಳಿಯದೆ ಅದನ್ನು ಗೆಲ್ಲಲಾಗದು. ಬೆಳೆದ ಚಿಗಟವು ನಾಯಿಯ ಮೈಮೇಲೆಯೇ ವಾಸಿಸಿ ರಕ್ತವನ್ನು ಹೀರುವುದು. ಮೊದಲ ಸಲ ರಕ್ತ ಕುಡಿದ ಒಂದೆರಡು ದಿವಸಗಳಲ್ಲಿಯೇ ಹೆಣ್ಣು ಚಿಗಟವು ಮೊಟ್ಟೆಯಿಡಲು ತೊಡಗಿ, ದಿನಕ್ಕೆ ೪೦ರಿಂದ ೫೦ ಮೊಟ್ಟೆಗಳವರೆಗೂ ಇಡಬಲ್ಲದು. ಆದರೆ ಈ ಮೊಟ್ಟೆಗಳು ಹೇನಿನ ಸೀರಿನಂತೆ ಕೂದಲಿಗೆ ಅಂಟಿಕೊಳ್ಳದೆ, ನುಣುಪಾಗಿದ್ದು, ನಾಯಿಯು ಮೈಕೊಡವಿದಾಗಲೂ ಮಲಗಿದಾಗಲೂ ನೆಲಕ್ಕೆ ಉದುರಿಬಿಡುತ್ತವೆ. ನಾಯಿಯು ಎಲ್ಲಿ ಹೆಚ್ಚು ಹೊತ್ತು ಮಲಗುವುದೋ ಅಲ್ಲಿ ಅವು ಹೆಚ್ಚಾಗಿ ಬೀಳುವುವು.

ಮೊಟ್ಟೆಗಳು ಎರಡು ದಿವಸಗಳಿಂದ ಹತ್ತು ದಿವಸಗಳೊಳಗೆ ಒಡೆದು, ಬಿಳಿಯ ದಾರದ ಚೂರಿನಂತಹ ಸಣ್ಣ ಹುಳುಗಳು ಹೊರಬರುತ್ತವೆ. ಇವು ನಾಯಿಯನ್ನು ಕಚ್ಚುವುದಿಲ್ಲ. ಬೆಳಕಿಗೆ ಅಂಜಿ ನೆಲದ ಬಿರುಕು, ಗೋಣಿಯ ಮಡಿಕೆ, ಗೋಡೆಯ ಬುಡದ ಧೂಳುಗಳಲ್ಲಿ ಅಡಗಿ, ದೊಡ್ಡ ಚಿಗಟಗಳು ವಿಸರ್ಜಿಸಿದ ಒಣರಕ್ತವನ್ನು ತಿಂದು ಬೆಳೆಯುತ್ತವೆ. ಆಮೇಲೆ ರೇಷ್ಮೆಹುಳುವಿನಂತೆ ತಾವೂ ಒಂದು ಗೂಡನ್ನು ನೂತು ಅದರಲ್ಲಿ ಅಡಗುತ್ತವೆ. ಆ ಗೂಡು ಅಂಟಾಗಿರುವುದರಿಂದ ಅದಕ್ಕೆ ಧೂಳು ಮೆತ್ತಿಕೊಂಡು, ಮಣ್ಣಿನ ಹರಳಿಗೂ ಅದಕ್ಕೂ ಭೇದ ತಿಳಿಯದಂತಾಗುವುದು. ಗೂಡಿನೊಳಗಿರುವ ಚಿಗಟಕ್ಕೆ ಔಷಧಗಳು ಸುಲಭವಾಗಿ ತಾಕುವುದಿಲ್ಲ.

ಅನುಕೂಲವಾದ ಸಮಯ ಬಂದರೆ ಗೂಡಿನಿಂದ ಚಿಗಟವು ಒಂದೆರಡು ವಾರಗಳಲ್ಲಿಯೇ ಹೊರಬರುವುದು. ಇಲ್ಲದಿದ್ದರೆ ತಿಂಗಳುಗಟ್ಟಲೆ, ೫ ತಿಂಗಳವರೆಗೂ, ಒಳಗೇ ಕಾದಿರಬಲ್ಲದು. ಹೆಜ್ಜೆಯ ಅದುರು, ಮೈಯ ಬಿಸಿ, ಉಸಿರಿನ ಗಾಳಿ ಇವು ತಾಕಿದೊಡನೆ ಅದು ಗೂಡನ್ನು ಒಡೆದು ಜಿಗಿಯುವುದು. ಬಹುದಿನ ಬಾಗಿಲು ಹಾಕಿದ್ದ ಮನೆಯನ್ನು ತೆರೆದು ಒಳಗೆ ಕಾಲಿಟ್ಟ ಕೂಡಲೆ ಚಿಗಟಗಳು ಕಾಲಿಗೆ ಮುತ್ತುವುದಕ್ಕೆ ಇದೇ ಕಾರಣ. ಖಾಲಿ ಮನೆಯಲ್ಲಿ ಅವು ಹೊಸದಾಗಿ ಹುಟ್ಟಿದುವಲ್ಲ, ಕಾದು ಕುಳಿತಿದ್ದುವು.

ಈ ಜೀವನಕ್ರಮದಿಂದ ಒಂದು ಮುಖ್ಯವಾದ ಅಂಶವು ಸ್ಪಷ್ಟವಾಗುವುದು. ಒಂದು ಮನೆಯ ಚಿಗಟಗಳಲ್ಲಿ ನಾಯಿಯ ಮೈಮೇಲೆ ಕಾಣತಕ್ಕವು ನೂರಕ್ಕೆ ಸುಮಾರು ೫ ಮಾತ್ರ; ಉಳಿದ ೯೫ ಪಾಲು ಮೊಟ್ಟೆ, ಹುಳು, ಗೂಡುಗಳ ರೂಪದಲ್ಲಿ ನೆಲದಲ್ಲಿರುತ್ತವೆ. ನಾಯಿಯ ಮೈಯನ್ನು ಮಾತ್ರ ತೊಳೆದವನು, ಹೊಲದಲ್ಲಿ ಕಳೆಯ ತುದಿಯನ್ನು ಕೊಯ್ದು ಬೇರನ್ನು ಬಿಟ್ಟವನಂತೆ. ಕೇವಲ ೧೦ ಹೆಣ್ಣು ಚಿಗಟಗಳು ದಿನಕ್ಕೆ ತಲಾ ೩೦ ಮೊಟ್ಟೆಗಳನ್ನಿಟ್ಟರೂ ಒಂದು ವಾರದಲ್ಲಿ ೨,೧೦೦ ಮೊಟ್ಟೆಗಳು ಜಗಲಿಯ ಮೂಲೆಯಲ್ಲಿ ಬಿದ್ದಿರುವುವೆಂದು ಲೆಕ್ಕಹಾಕಿದರೆ, ತುರಿಯು ಏಕೆ ಮರುಕಳಿಸುವುದೆಂಬುದು ತಾನಾಗಿಯೇ ತಿಳಿಯುವುದು.

ಚಿಗಟದಿಂದ ಆಗುವ ಇತರ ನಷ್ಟಗಳು

ಚಿಗಟವು ಚಿಕ್ಕದಾದರೂ ಹೊಟ್ಟೆಬಾಕ. ಹೆಣ್ಣು ಚಿಗಟವು ದಿನಕ್ಕೆ ತನ್ನ ತೂಕದ ಸುಮಾರು ೧೫ ಪಾಲು ರಕ್ತವನ್ನು ಕುಡಿಯಬಲ್ಲದು. ೭೨ ಹೆಣ್ಣು ಚಿಗಟಗಳು ಸೇರಿದರೆ ದಿನಕ್ಕೆ ೧ ಮಿಲಿಲೀಟರು ರಕ್ತವನ್ನು ಹೀರುವುವೆಂದು ಅಳೆದು ನೋಡಲಾಗಿದೆ. ದೊಡ್ಡ ನಾಯಿಯು ಇದನ್ನು ತಡೆಯಬಹುದು. ಮೂರು ನಾಲ್ಕು ವಾರದ ಮರಿಯು ತಡೆಯಲಾರದು. ಅದರ ಒಸಡು ಬಿಳಿಚಿಕೊಂಡು, ನಿತ್ರಾಣವಾಗಿ, ಸತ್ತುಹೋಗುವುದೂ ಉಂಟು. ಮರಿಗಳು ಹಾಲಿಲ್ಲದೆ ಸತ್ತವೆಂದು ತಿಳಿಯುವ ಕಡೆಗಳಲ್ಲಿ ಅನೇಕ ವೇಳೆ ಚಿಗಟವೇ ಕೊಂದಿರುತ್ತದೆ.

ಕುರಿ ಮೇಕೆಗಳನ್ನು ಸಾಕುವವರು ಇದನ್ನು ಇನ್ನೂ ಹೆಚ್ಚಾಗಿ ಗಮನಿಸಬೇಕು. ನಾಯಿಯ ಮೈಮೇಲಿನ ಚಿಗಟದ ಜಾತಿಗಳು ಮೇಕೆ, ಕುರಿ ಮತ್ತು ಕರುಗಳ ಮೇಲೂ ಜೀವಿಸುತ್ತವೆ. ರೊಪ್ಪದ ಬಾಗಿಲಲ್ಲಿ ಮಲಗುವ ನಾಯಿಯಿಂದ ಉದುರಿದ ಮೊಟ್ಟೆಗಳು ಗೊಬ್ಬರದ ಬೆಚ್ಚನೆಯ ಹುಡಿಯಲ್ಲಿ ಬೆಳೆದು, ಎಳೆಯ ಮರಿಗಳಿಗೆ ಮುತ್ತಿ, ಅವುಗಳ ರಕ್ತವನ್ನು ಬರಿದುಮಾಡುವುವು. ನಾಯಿಯ ಚಿಕಿತ್ಸೆಗೆ ಹಣ ಕೊಡಲು ಹಿಂಜರಿಯುವವರು ಮೇಕೆಮರಿಯ ಬೆಲೆಯನ್ನು ನೆನೆಯುವುದು ಒಳ್ಳೆಯದು.

ಇದಲ್ಲದೆ, ನಾಯಿಗಳ ಲಾಡಿಹುಳುವಿನ ಒಂದು ಜಾತಿಯು ಚಿಗಟದ ಮೂಲಕವೇ ಹರಡುವುದು. ತುರಿಗೆ ಮೈ ಕಚ್ಚಿಕೊಳ್ಳುವಾಗ ನಾಯಿಯು ಚಿಗಟವನ್ನು ನುಂಗುವುದು. ಅದರೊಳಗಿನ ಹುಳುವು ಕರುಳಿನಲ್ಲಿ ಬೆಳೆಯುವುದು. ಮಲದಲ್ಲಿಯೂ ಬಾಲದ ಕೆಳಗೂ ಅಕ್ಕಿಯ ಕಾಳಿನಂತಹ ತುಂಡುಗಳು ಕಂಡರೆ ಈ ಹುಳುವಿದೆಯೆಂದು ತಿಳಿಯತಕ್ಕದ್ದು. ನಾಯಿಯೊಡನೆ ಆಡುವ ಮಕ್ಕಳು ಅಕಸ್ಮಾತ್ತಾಗಿ ಚಿಗಟವನ್ನು ನುಂಗಿದರೆ ಅವರಿಗೂ ಈ ಹುಳು ಬರಬಹುದು.

ಚಿಗಟವೆಂದೊಡನೆ ಪ್ಲೇಗು ಮಾರಿಯನ್ನು ನೆನೆದು ಹೆದರುವವರಿದ್ದಾರೆ. ಬೆಂಗಳೂರಿನಲ್ಲಿ ಪ್ಲೇಗು ಕಾಣಿಸಿಕೊಂಡ ೧೮೯೮ನೆಯ ಇಸವಿಯಲ್ಲಿಯೇ, ಆ ರೋಗವನ್ನು ಹರಡತಕ್ಕದ್ದು ಇಲಿಯ ಚಿಗಟವೆಂದು ಫ್ರಾನ್ಸ್ ದೇಶದ ವೈದ್ಯರಾದ ಸೀಮೋನ್ ಎಂಬವರು ಕರಾಚಿಯಲ್ಲಿ ಪ್ರಯೋಗದಿಂದ ತೋರಿಸಿದರು. ಇಲಿಯ ಚಿಗಟವೂ ನಾಯಿಯ ಚಿಗಟವೂ ಬೇರೆ ಬೇರೆ ಜಾತಿಗಳು. ಆದುದರಿಂದ ಪ್ಲೇಗಿನ ಭಯದಿಂದ ನಾಯಿಯನ್ನು ಹೊರಗಟ್ಟುವುದಕ್ಕೆ ಆಧಾರವಿಲ್ಲ.

ಕಜ್ಜಿಯ ವಿಷಯ

ಕಜ್ಜಿಯ ನುಸಿಯು ಕಣ್ಣಿಗೆ ಕಾಣಿಸದಷ್ಟು ಸಣ್ಣದು. ಹೆಣ್ಣು ನುಸಿಯು ಚರ್ಮದ ಮೇಲ್ಪದರದಲ್ಲಿ ಸುರಂಗವನ್ನು ಕೊರೆದು ಅದರಲ್ಲಿ ಮೊಟ್ಟೆಯಿಡುವುದು. ಮೊಟ್ಟೆಯಿಂದ ಬೆಳೆದ ನುಸಿಯವರೆಗೆ ಸುಮಾರು ಎರಡು ಮೂರು ವಾರಗಳು ಹಿಡಿಯುವುವು. ಕಜ್ಜಿಯು ಒಂದು ನಾಯಿಯಿಂದ ಇನ್ನೊಂದಕ್ಕೆ ಮೈ ಸೋಕಿದರೆ ಅಂಟುವುದು. ಹಾಸಿಗೆಯ ಮೂಲಕವೂ ಅಂಟಬಹುದು, ಏಕೆಂದರೆ ನುಸಿಯು ಮೈಬಿಟ್ಟು ಕೆಲವು ದಿವಸ ಬದುಕಬಲ್ಲದು. ರೋಗವು ಮುದುರಿದರೆ ಮೈಯೆಲ್ಲಾ ಬೋಳಾಗಿ, ಚರ್ಮವು ದಪ್ಪವಾಗಿ ಆನೆಯ ತೊಗಲಿನಂತೆ ಸುಕ್ಕುಗಟ್ಟಿ, ದುರ್ವಾಸನೆ ಹೊಡೆಯುವುದು.

ಕಜ್ಜಿಹಿಡಿದ ನಾಯಿಯನ್ನು ಮುಟ್ಟಿದವರ ತೋಳು, ಹೊಟ್ಟೆಗಳಲ್ಲಿ ತುರಿಯುವ ಗುಳ್ಳೆಗಳು ಏಳಬಹುದು. ನಾಯಿಯ ನುಸಿಯು ಮನುಷ್ಯರ ಮೈಯಲ್ಲಿ ಬಹುಕಾಲ ನೆಲೆಸಲಾರದು. ನಾಯಿಗೆ ಗುಣವಾದ ಮೇಲೆ ಕೆಲವು ವಾರಗಳಲ್ಲಿ ಈ ತುರಿಯು ತಾನಾಗಿ ಇಳಿಯುವುದು. ಇಳಿಯದಿದ್ದರೆ ವೈದ್ಯರಿಗೆ ತೋರಿಸತಕ್ಕದ್ದು.

ಎಳೆಯ ನಾಯಿಗಳ ನುಸಿರೋಗವು ಇದಕ್ಕಿಂತ ಭಿನ್ನವಾದುದು. ಅದರ ನುಸಿಯು ತಾಯಿಯಿಂದ ಮರಿಗೆ, ಹುಟ್ಟಿದ ಮೊದಲ ಕೆಲವು ದಿನಗಳಲ್ಲಿ ಮೊಲೆಯುಣ್ಣುವಾಗ ಬರುವುದು. ಆರೋಗ್ಯವಾದ ನಾಯಿಗಳ ಚರ್ಮದಲ್ಲಿಯೂ ಅದು ಸ್ವಲ್ಪ ಇರುತ್ತದೆ. ಮೈಯ ಶಕ್ತಿ ಕುಂದಿದಾಗ ಮಾತ್ರ ಹೆಚ್ಚಿ ರೋಗವಾಗುವುದು. ಇದು ಮನುಷ್ಯರಿಗೆ ಅಂಟುವುದಿಲ್ಲ. ಎರಡು ರೋಗಗಳನ್ನೂ ಖಚಿತವಾಗಿ ಬೇರ್ಪಡಿಸಲು, ಪಶುವೈದ್ಯರು ಚರ್ಮವನ್ನು ಸ್ವಲ್ಪ ಕೆರೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುವುದೇ ಸರಿಯಾದ ಮಾರ್ಗ.

ಮಾಡಬಾರದ ಚಿಕಿತ್ಸೆಗಳು

ರೋಗಕ್ಕಿಂತ ಚಿಕಿತ್ಸೆಯಿಂದಲೇ ಸತ್ತ ನಾಯಿಗಳುಂಟು. ಮುಂದೆ ಹೇಳುವ ವಸ್ತುಗಳನ್ನು ಎಂದಿಗೂ ಉಪಯೋಗಿಸಕೂಡದು.

ಮೋಟಾರಿನ ಸುಟ್ಟ ಎಣ್ಣೆಯನ್ನು ಕಜ್ಜಿಗೆ ಬಳಿಯುವುದು ಅನೇಕ ಕಡೆಗಳಲ್ಲಿ ರೂಢಿಯಾಗಿದೆ. ನಾಯಿಯು ಮೈಯನ್ನು ನೆಕ್ಕಿಕೊಳ್ಳುವ ಪ್ರಾಣಿಯಾದುದರಿಂದ ಆ ಎಣ್ಣೆಯ ವಿಷಾಂಶಗಳು ಹೊಟ್ಟೆಗೆ ಸೇರುವುವು. ಸೀಮೆಎಣ್ಣೆಯು ಚರ್ಮವನ್ನು ಸುಡುವುದು. ನೆಕ್ಕುವಾಗ ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೇ ಅಪಾಯ. ಹೊಗೆಸೊಪ್ಪಿನ ಕಷಾಯವೂ ವಿಷವೇ. ನೆಲ ತೊಳೆಯುವ ಫಿನಾಯಿಲನ್ನು ಹಸಿಹುಣ್ಣಿಗೆ ಸುರಿಯುವುದು ಕ್ರೂರವಾದುದು ಮಾತ್ರವಲ್ಲ, ಹುಣ್ಣು ಮಾಯುವುದನ್ನೂ ತಡೆಯುವುದು.

ಬೆಳೆಗೆ ಸಿಂಪಡಿಸುವ ಕೀಟನಾಶಕಗಳನ್ನು ನೀರಿನಲ್ಲಿ ಕದಡಿ ನಾಯಿಗೆ ಮೀಯಿಸುವುದು ಎಲ್ಲಕ್ಕಿಂತ ಅಪಾಯಕರ. ಒಂದು ಕಾಲಕ್ಕೆ ಚಿಗಟಗಳಿಗೆ ಬಿ.ಎಚ್.ಸಿ. ಪುಡಿಯನ್ನು ಎರಚುತ್ತಿದ್ದರು, ಭಾರತದಲ್ಲಿ ೧೯೯೭ರಲ್ಲಿ ಅದನ್ನು ನಿಷೇಧಿಸಲಾಯಿತು. ಇಂತಹ ವಿಷವು ಮೈಗೆ ತಾಕಿ ನಾಯಿಯು ಜೊಲ್ಲು ಸುರಿಸುತ್ತಾ, ನಡುಗುತ್ತಾ, ಸೆಟೆದುಕೊಳ್ಳುತ್ತಾ ಇದ್ದರೆ, ಕೈಗೆ ಚೀಲ ಹಾಕಿಕೊಂಡು ಸಾಬೂನು ನೀರಿನಿಂದ ಅದರ ಮೈಯನ್ನು ತೊಳೆದು, ಔಷಧದ ಡಬ್ಬಿಯ ಸಮೇತ ತಡಮಾಡದೆ ಪಶುವೈದ್ಯರಲ್ಲಿಗೆ ಒಯ್ಯತಕ್ಕದ್ದು.

ದನಗಳಿಗೆ ಕೊಡುವ ಐವರ್‌ಮೆಕ್ಟಿನ್ ಸೂಜಿಮದ್ದನ್ನು ಅಂದಾಜಿನ ಮೇಲೆ ನಾಯಿಗೆ ಚುಚ್ಚುವುದೂ ತಪ್ಪು. ಔಷಧವು ಒಳ್ಳೆಯದೇ ಆದರೂ, ಕಾಲಿ ಮುಂತಾದ ಕೆಲವು ತಳಿಗಳಿಗೂ ಅವುಗಳ ಮಿಶ್ರತಳಿಗಳಿಗೂ ಅದು ಮಿದುಳಿಗೆ ಏರಿ ಪ್ರಾಣಾಂತಿಕವಾಗಬಲ್ಲದು, ಎಳೆಮರಿಗಳಿಗೂ ಅಪಾಯ. ನಾಯಿಗೆಂದು ಮಾರುವ ಪರ್ಮೆಥ್ರಿನ್ ಉಳ್ಳ ಔಷಧವನ್ನು ಬೆಕ್ಕಿಗೆ ಹಾಕಿದರೆ ಬೆಕ್ಕು ಸಾಯುವುದು. ಇಲಿಯನ್ನು ಹಿಡಿಯುವ ಬೆಕ್ಕನ್ನು ಸಾಕಿರುವ ಮನೆಗಳವರು ಇದನ್ನು ವಿಶೇಷವಾಗಿ ನೆನಪಿನಲ್ಲಿಡತಕ್ಕದ್ದು.

ಬೇವಿನಸೊಪ್ಪಿನ ನೀರಿನಲ್ಲಿ ಮೀಯಿಸುವುದರಿಂದ ಕೆಡುಕಿಲ್ಲ, ತುರಿಗೆ ಸ್ವಲ್ಪ ಹಿತವೂ ಆಗಬಹುದು. ಆದರೆ ಅದರಿಂದಲೇ ಚಿಗಟಗಳಾಗಲಿ ಕಜ್ಜಿಯಾಗಲಿ ನಿರ್ಮೂಲವಾಗುವುದೆಂದು ನಂಬಿ ಕಾಲಕಳೆಯಕೂಡದು.

ಮಾಡತಕ್ಕ ಕ್ರಮ

ಮೊದಲನೆಯದು, ನಾಯಿಯ ಮೈ. ಸಾಬೂನು ಹಾಕಿ ಉಗುರುಬೆಚ್ಚಗಿನ ನೀರಿನಲ್ಲಿ ಮೀಯಿಸಿ, ಸಣ್ಣ ಹಲ್ಲಿನ ಬಾಚಣಿಗೆಯಿಂದ ಬಾಚಿ, ಬಾಚಣಿಗೆಯನ್ನು ಪ್ರತಿಸಲವೂ ಸಾಬೂನು ನೀರಿನಲ್ಲಿ ಅದ್ದತಕ್ಕದ್ದು; ಚಿಗಟಗಳು ಅದರಲ್ಲಿ ಮುಳುಗಿ ಸಾಯುವುವು. ಮೀಯಿಸುವಾಗ ಕುತ್ತಿಗೆಯ ಸುತ್ತ ಮೊದಲು ನೊರೆ ಹಚ್ಚಿದರೆ ಚಿಗಟಗಳು ತಲೆಗೂ ಕಿವಿಗೂ ಏರಿ ಅಡಗುವುದು ತಪ್ಪುವುದು. ಮೀಯಿಸುವುದು ಪ್ರಾರಂಭ ಮಾತ್ರ. ಚಿಗಟ, ಉಣ್ಣೆ, ಕಜ್ಜಿಯ ನುಸಿಗಳನ್ನು ಕೊಲ್ಲುವ ಔಷಧಗಳು ಈಗ ಪಶುವೈದ್ಯರಲ್ಲಿ ದೊರೆಯುತ್ತವೆ. ಬೆನ್ನಿನ ಮೇಲೆ ಹನಿಸುವ ಫಿಪ್ರೊನಿಲ್, ಸೆಲಮೆಕ್ಟಿನ್‌ಗಳೂ, ಬಾಯಿಯ ಮೂಲಕ ಕೊಡುವ ಫ್ಲೂರಲನರ್ ಮುಂತಾದ ಗುಳಿಗೆಗಳೂ ಅಂತಹವು. ಯಾವುದು ತಕ್ಕುದೆಂಬುದನ್ನು ನಾಯಿಯ ತೂಕ, ವಯಸ್ಸು ಮತ್ತು ರೋಗವನ್ನು ನೋಡಿ ಪಶುವೈದ್ಯರೇ ನಿರ್ಧರಿಸಬೇಕು. ಬೆನ್ನಿಗೆ ಹನಿಸುವ ಔಷಧವನ್ನು ಹಾಕುವ ಎರಡು ದಿನ ಮುಂಚೆ ಮತ್ತು ಎರಡು ದಿನ ಅನಂತರ ಮೀಯಿಸದಿರುವುದು ಒಳ್ಳೆಯದು.

ಎರಡನೆಯದು, ಮಲಗುವ ಸ್ಥಳ. ಔಷಧ ಹಾಕಿದ ದಿನವೇ ನಾಯಿಯ ಹಳೆಯ ಗೋಣಿ, ಕಂಬಳಿಯ ಚೂರುಗಳನ್ನು ಸುಟ್ಟುಬಿಡತಕ್ಕದ್ದು. ಉಳಿಸಿಕೊಳ್ಳಬೇಕಾದುವನ್ನು ಕುದಿಯುವ ನೀರಿನಲ್ಲಿ ಅದ್ದಿ ಬಿಸಿಲಿನಲ್ಲಿ ಒಣಗಿಸತಕ್ಕದ್ದು. ಜಗಲಿ, ಕೊಟ್ಟಿಗೆಯ ಮೂಲೆ, ಗೋಡೆಯ ಬುಡ, ಕಣಜದ ಅಡಿ ಇವುಗಳನ್ನು ಗುಡಿಸಿ, ಕಸವನ್ನು ತಿಪ್ಪೆಗೆ ಹಾಕದೆ ಸುಡಬೇಕು. ಮಣ್ಣಿನ ನೆಲವಾದರೆ ನಾಯಿಯು ಮಲಗುವ ಕಡೆ ಒಂದು ಅಂಗುಲದಷ್ಟು ಮೇಲ್ಮಣ್ಣನ್ನು ಹೆರೆದು ತೆಗೆದು, ಬಿರುಕುಗಳನ್ನು ಮುಚ್ಚಿ, ಹೊಸದಾಗಿ ಸಾರಿಸತಕ್ಕದ್ದು. ಚಿಗಟದ ಹುಳುವಿಗೆ ತೇವವೂ ನೆರಳೂ ಬೇಕು. ಒಣಗಾಳಿಯಲ್ಲಿಯೂ ಬಿಸಿಲಿನಲ್ಲಿಯೂ ಅದು ಬದುಕಲಾರದು. ಆದುದರಿಂದ ಮಾಡಿನ ಒಂದು ಹೆಂಚನ್ನು ತೆಗೆದು ಆ ಮೂಲೆಗೆ ಬೆಳಕು ಬೀಳುವಂತೆ ಮಾಡಿದರೂ ಪ್ರಯೋಜನವುಂಟು. ಮಳೆಗಾಲದಲ್ಲಿಯೂ ಅದರ ಹಿಂದೆಯೇ ಬರುವ ದಿನಗಳಲ್ಲಿಯೂ ಚಿಗಟಗಳು ಹೆಚ್ಚುವುದರಿಂದ ಆಗ ಈ ಕೆಲಸವನ್ನು ಅಲಕ್ಷಿಸಕೂಡದು.

ಈ ಗುಡಿಸುವ ಕೆಲಸವನ್ನು ಎರಡು ಮೂರು ದಿನಗಳಿಗೊಮ್ಮೆಯಂತೆ ಒಂದು ತಿಂಗಳಾದರೂ ನಡೆಸಬೇಕು. ಗೂಡಿನಲ್ಲಿ ಅಡಗಿದ ಚಿಗಟಗಳು ಹೊರಬರುತ್ತಲೇ ಇರುವುದರಿಂದ, ಔಷಧ ಹಾಕಿದ ಮೇಲೆಯೂ ಕೆಲವು ವಾರ ಹೊಸ ಚಿಗಟಗಳು ಕಾಣುವುವು. ಇದನ್ನು ನೋಡಿ ಔಷಧವು ನಿಷ್ಫಲವಾಯಿತೆಂದು ಬಿಟ್ಟುಬಿಡುವುದೇ ಸಾಮಾನ್ಯವಾದ ತಪ್ಪು. ಹೊರಬಂದ ಚಿಗಟವು ಔಷಧವಿರುವ ನಾಯಿಯನ್ನು ಏರಿ, ಮೊಟ್ಟೆಯಿಡುವ ಮುಂಚೆ ಸಾಯಬೇಕು. ಹಾಗೆ ಗೂಡುಗಳೆಲ್ಲಾ ಬರಿದಾಗುವವರೆಗೂ ಔಷಧದ ಬಲವು ನಾಯಿಯ ಮೈಯಲ್ಲಿರಬೇಕು. ಇದಕ್ಕೆ ಮೂರು ತಿಂಗಳವರೆಗೆ ಬಿಡದೆ ಚಿಕಿತ್ಸೆ ನಡೆಸುವುದು ಅವಶ್ಯಕ.

ಮೂರನೆಯದು, ಇತರ ಪ್ರಾಣಿಗಳು. ಮನೆಯ ಬೆಕ್ಕು, ಎರಡನೆಯ ನಾಯಿ, ಮರಿಗಳು ಇವುಗಳಿಗೂ ಅದೇ ದಿನ ಆಯಾ ಪ್ರಾಣಿಗೆ ತಕ್ಕ ಔಷಧವನ್ನು ಹಾಕತಕ್ಕದ್ದು. ತುರಿಯಿಲ್ಲದ ಪ್ರಾಣಿಯನ್ನು ಬಿಟ್ಟರೆ ಅದೇ ಮುಂದಿನ ಬೀಜವಾಗುವುದು.

ಹುಣ್ಣಿನ ಉಪಚಾರ

ಕೆರೆದು ಹಸಿಯಾದ ಹುಣ್ಣಿನ ಸುತ್ತ ಕೂದಲನ್ನು ಕತ್ತರಿಸಿ, ಕುದಿಸಿ ಆರಿಸಿದ ಅರ್ಧ ಲೀಟರು ನೀರಿಗೆ ಒಂದು ಸಣ್ಣ ಚಮಚ ಉಪ್ಪು ಹಾಕಿದ ದ್ರಾವಣದಿಂದ ದಿನಕ್ಕೆ ಎರಡು ಸಲ ತೊಳೆದು, ಶುದ್ಧವಾದ ಬಟ್ಟೆಯಿಂದ ಒತ್ತಿ ಒಣಗಿಸತಕ್ಕದ್ದು. ದಪ್ಪವಾದ ಲೇಪಗಳನ್ನು ಮೆತ್ತಿದರೆ ಕೀವು ಒಳಗೇ ನಿಲ್ಲುವುದು. ಹುಣ್ಣು ದಿನೇದಿನೇ ಅಗಲವಾದರೆ, ಕೀವು ಬಂದರೆ, ದುರ್ವಾಸನೆ ಹುಟ್ಟಿದರೆ ಅಥವಾ ಹುಳು ಬಿದ್ದರೆ ಮನೆಯಲ್ಲಿ ಕಾಯದೆ ಪಶುವೈದ್ಯ ಆಸ್ಪತ್ರೆಗೆ ಒಯ್ಯಬೇಕು. ಮನುಷ್ಯರ ನೋವಿನ ಗುಳಿಗೆಗಳನ್ನು ನಾಯಿಗೆ ಕೊಡಕೂಡದು.

ನೋವಿನಲ್ಲಿರುವ ನಾಯಿಯು ಒಡೆಯನನ್ನೂ ಕಚ್ಚಬಹುದು. ಚಿಕಿತ್ಸೆಗೆ ಮುಂಚೆ ಮೆತ್ತನೆಯ ಬಟ್ಟೆಯ ಪಟ್ಟಿಯಿಂದ ಅದರ ಮೂತಿಯನ್ನು ಕಟ್ಟುವುದು ಒಳ್ಳೆಯದು. ಕಚ್ಚಿದರೆ ಗಾಯವನ್ನು ಸಾಬೂನು ನೀರಿನಿಂದ ೧೫ ನಿಮಿಷ ತೊಳೆದು ಅದೇ ದಿನ ವೈದ್ಯರಲ್ಲಿಗೆ ಹೋಗತಕ್ಕದ್ದು; ಹುಚ್ಚುನಾಯಿರೋಗವು ಬಂದ ಮೇಲೆ ಉಳಿಗಾಲವಿಲ್ಲ, ಬರುವ ಮುಂಚೆ ತಡೆಯಬಹುದು.

ಗ್ರಾಮದ ಮುಖಂಡರು ಮಾಡತಕ್ಕ ಕೆಲಸ

ಒಬ್ಬನು ತನ್ನ ನಾಯಿಯನ್ನು ಗುಣಪಡಿಸಿದರೂ, ಓಣಿಯಲ್ಲಿ ಹತ್ತು ಕಜ್ಜಿನಾಯಿಗಳು ತಿರುಗುತ್ತಿದ್ದರೆ ಅವನ ಶ್ರಮವು ನಿಲ್ಲುವುದಿಲ್ಲ. ಈ ಕಾರಣದಿಂದ ಇದು ಊರು ಕೂಡಿ ಮಾಡಬೇಕಾದ ಕೆಲಸ. ಗ್ರಾಮದ ಯಜಮಾನರು ಮಳೆಗಾಲಕ್ಕೆ ಮುಂಚಿತವಾಗಿ ಪಶುವೈದ್ಯರೊಡನೆ ಮಾತನಾಡಿ, ಒಂದು ದಿನವನ್ನು ಗೊತ್ತುಮಾಡಿ, ಊರಿನ ನಾಯಿಗಳನ್ನೆಲ್ಲಾ ಒಂದು ಕಡೆ ಸೇರಿಸಿ, ತುರಿಗೆ ಔಷಧವನ್ನೂ ಹುಚ್ಚುನಾಯಿರೋಗಕ್ಕೆ ಲಸಿಕೆಯನ್ನೂ ಒಟ್ಟಿಗೆ ಹಾಕಿಸಬಹುದು. ಒಡೆಯರಿಲ್ಲದ ಬೀದಿನಾಯಿಗಳ ಖರ್ಚನ್ನು ಊರೊಟ್ಟಿನಿಂದ ಹೊರುವುದು ಉಚಿತ. ಅವುಗಳಿಂದ ಉಳಿಯುವ ಕುರಿಮರಿಗಳ ಲಾಭವೂ ಊರಿನದೇ ಅಲ್ಲವೇ?

ಕಜ್ಜಿಹಿಡಿದ ನಾಯಿಗಳಿಗೆ ವಿಷವಿಕ್ಕುವುದು ಪರಿಹಾರವಲ್ಲ. ಸತ್ತ ನಾಯಿಯ ಜಾಗಕ್ಕೆ ಪಕ್ಕದ ಊರಿನ ನಾಯಿಯು ಬರುವುದು; ನೆಲದಲ್ಲಿರುವ ಚಿಗಟವು ಅದನ್ನು ಏರುವುದು. ಮೇಲಾಗಿ, ಪ್ರಾಣಿಗಳಿಗೆ ಹೀಗೆ ಹಿಂಸೆಮಾಡುವುದು ೧೯೬೦ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆಯ ಪ್ರಕಾರ ಅಪರಾಧವೂ ಆಗಿದೆ. ಬಾಗಲಕೋಟೆ ಜಿಲ್ಲೆಯ ಮುಧೋಳದ ಬೇಟೆನಾಯಿಯ ತಳಿಯು ೨೦೦೫ರಲ್ಲಿ ಭಾರತದ ಅಂಚೆಚೀಟಿಯ ಮೇಲೆ ಬರುವಷ್ಟು ಕೀರ್ತಿ ಪಡೆದುದು. ಅಂತಹ ನಾಯಿಗೂ ತಿಪ್ಪೆಯ ಮೇಲಿನ ನಾಯಿಗೂ ಚಿಗಟವು ಭೇದವೆಣಿಸುವುದಿಲ್ಲ. ಆದುದರಿಂದ ಚಿಕಿತ್ಸೆಯಲ್ಲಿಯೂ ಭೇದವೆಣಿಸಕೂಡದು.

ಸಾರಾಂಶ

೧. ತುರಿಯ ಸ್ಥಳವನ್ನು ನೋಡಿ, ಒದ್ದೆ ಬಟ್ಟೆಯ ಪರೀಕ್ಷೆ ಮಾಡಿ, ಕಾರಣವನ್ನು ತಿಳಿಯತಕ್ಕದ್ದು. ಸಂಶಯವಿದ್ದರೆ ಪಶುವೈದ್ಯರಿಗೆ ತೋರಿಸತಕ್ಕದ್ದು.

೨. ನಾಯಿ, ನೆಲ, ಇತರ ಪ್ರಾಣಿಗಳು ಈ ಮೂರಕ್ಕೂ ಒಂದೇ ದಿನ ಚಿಕಿತ್ಸೆಯನ್ನು ಆರಂಭಿಸತಕ್ಕದ್ದು.

೩. ಒಂದು ತಿಂಗಳು ಗುಡಿಸುವುದನ್ನೂ, ಮೂರು ತಿಂಗಳು ಔಷಧವನ್ನೂ ಬಿಡಕೂಡದು.

೪. ಸುಟ್ಟ ಎಣ್ಣೆ, ಸೀಮೆಎಣ್ಣೆ, ಬೆಳೆಯ ಕೀಟನಾಶಕಗಳನ್ನು ನಾಯಿಯ ಮೈಗೆ ಮುಟ್ಟಿಸಕೂಡದು.

೫. ಮರಿಗಳ ಒಸಡು ಬಿಳಿಚಿದರೆ ಅದೇ ದಿನ ಚಿಕಿತ್ಸೆ ಮಾಡಿಸತಕ್ಕದ್ದು.

೬. ಕಜ್ಜಿನಾಯಿಯನ್ನು ಅಟ್ಟದೆ, ಇತರ ನಾಯಿಗಳಿಂದ ಬೇರೆ ಕಟ್ಟಿ, ಗುಣಪಡಿಸತಕ್ಕದ್ದು.

ಇಷ್ಟನ್ನು ನಡೆಸಲು ಹೆಚ್ಚಿನ ಹಣ ಬೇಡ. ಬೇಕಾದುದು ಒಂದು ಪೊರಕೆ, ಒಂದು ಹಂಡೆ ಬಿಸಿನೀರು, ಪಶುವೈದ್ಯರ ಸಲಹೆ ಮತ್ತು ಮೂರು ತಿಂಗಳ ತಾಳ್ಮೆ. ಕಣದ ರಾಶಿಯನ್ನು ಕಾಯುವ ಪ್ರಾಣಿಗೆ ರಾತ್ರಿ ಕೆರೆದುಕೊಳ್ಳುವ ಕೆಲಸವನ್ನು ತಪ್ಪಿಸಿದರೆ, ಅದು ತನ್ನ ಕೆಲಸವನ್ನು ತಾನು ಮಾಡುವುದು.